ಲಾಳದ ಬೂಟು

ಲಾಳದೊರೆ ತನ್ನ ಮಗಳ ಉಗುರು ಕತ್ತರಿಸುವ ಸದ್ದು ಮಾಡುವ ಕೆಲಸ ನನ್ನ ತಲೆಗೇ ಬಂದು ಕಟ್ಟಿಕೊಳ್ಳಬೇಕೆ? ಟಿಕ್, ಟಿಕ್, ಟಿಕ್. ಹತ್ತು ಬೆರಳಿಗೆ ಹತ್ತು ಟಿಕ್. ನಾನು ಮೈಕಿನ ಮುಂದೆ ನೇಲ್ ಕಟರ್ ಹಿಡಿದು ಕೂತಿದ್ದೆ. ಎದುರಿನ ಪರದೆಯ ಮೇಲೆ ಅವನು, ಅಂದರೆ ಅವನ ಪಾತ್ರ ಮಾಡಿದ ನಟ, ಐದು ವರ್ಷದ ಹುಡುಗಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆಯ ತುದಿ ಕಚ್ಚಿ ಹಿಡಿದು, ಎಲ್ಲಿ ಚರ್ಮಕ್ಕೆ ತಾಗಿಬಿಡುತ್ತದೋ ಎಂದು ಉಸಿರು ಬಿಗಿಹಿಡಿದು ಕತ್ತರಿಸುತ್ತಿದ್ದ. ನೋಡಿದವರಿಗೆ ಮುದ್ದು ಬರಬೇಕು, ಹಾಗಿತ್ತು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಈ ಮನುಷ್ಯ ನಲವತ್ತೈದು ವರ್ಷದ ಹಿಂದೆ ನಮ್ಮ ಊರನ್ನು ಎರಡೂವರೆ ವರ್ಷ ಆಳಿದ ಜನರಲ್. ನೂಲಿನ ಗಿರಣಿಯಲ್ಲಿ ಕೆಲಸ ನಿಲ್ಲಿಸಿ ಕೂತವರನ್ನು ಒಳಗೇ ಕೂಡಿಹಾಕಿ, ಗೇಟು ಮುಚ್ಚಿಸಿ, ತೊಂಬತ್ತೊಂದು ಜನರನ್ನು ಗುಂಡಿಟ್ಟು ಕೊಲ್ಲಿಸಿದವನು. ಆ ತೊಂಬತ್ತೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ನನ್ನ ಅಜ್ಜನೂ ಒಬ್ಬ, ಅಮ್ಮನ ಅಪ್ಪ. ಜನರಲ್‌ನ ಬೂಟಿಗೆ ಕುದುರೆಗೆ ಹೊಡೆದ ಹಾಗೆ ಕಬ್ಬಿಣದ ಲಾಳ ಹೊಡೆದಿತ್ತಂತೆ. ಮೂರು ಬೀದಿ ಆಚೆಯಿಂದಲೇ ಖಣ್, ಖಣ್ ಎಂದು ಕೇಳಿಸುತ್ತಿತ್ತಂತೆ. ಕೇಳಿದ ಕೂಡಲೇ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ, ಕೈಯಲ್ಲಿದ್ದ ಕೆಲಸ ಕೈಯಲ್ಲೇ ಹೆಪ್ಪುಗಟ್ಟುತ್ತಿತ್ತಂತೆ. ಅದಕ್ಕೇ ಲಾಳದೊರೆ. ನಮ್ಮ ಊರಿನ ಮಕ್ಕಳಿಗೆ ಗುಮ್ಮ ಬೇರೆ ಬೇಕಿರಲಿಲ್ಲ. ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ನನ್ನನ್ನು ಮಲಗಿಸುವಾಗ ಹೇಳುತ್ತಿದ್ದುದೂ ಅದೇ ಕತೆ. ಅಂಥವನಿಗೆ ನಾನು ನೇಲ್ ಕಟರ್ ಹಿಡಿದಿದ್ದೆ.

ಸಿನಿಮಾದಲ್ಲಿ ನೀವು ಕೇಳುವ ಹೆಜ್ಜೆಯ ಸದ್ದು ಆ ನಟನದ್ದಲ್ಲ. ಚಿತ್ರೀಕರಣದಲ್ಲಿ ಮಾತು ಸಿಕ್ಕರೆ ಸಾಕೋ ಸಾಕು. ಬಾಗಿಲು ಕಿರುಗುಟ್ಟುವುದು, ಲೋಟ ಇಡುವುದು, ಓಡುವುದು, ಬೀಳುವುದು, ಕೆನ್ನೆಗೆ ಬಾರಿಸುವುದು, ಎಲ್ಲವನ್ನೂ ಆಮೇಲೆ ನಮ್ಮಂಥವರು ಚಿತ್ರ ನೋಡುತ್ತ ನೋಡುತ್ತ ಮಾಡುತ್ತೇವೆ. ಅದಕ್ಕೊಂದು ಎಫೆಕ್ಟ್ಸ್ ರೂಮು. ನಮ್ಮದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಗೋಡೆಗೆಲ್ಲ ಹಾಸಿಗೆಯಂಥ ದಪ್ಪ ಹೊದಿಕೆ. ನೆಲವನ್ನು ಚೌಕ ಚೌಕ ಮಾಡಿ ಒಂದರಲ್ಲಿ ಸಿಮೆಂಟು, ಒಂದರಲ್ಲಿ ಹಲಗೆ, ಒಂದರಲ್ಲಿ ಜಲ್ಲಿ, ಒಂದರಲ್ಲಿ ಮರಳು ತುಂಬಿಸಿತ್ತು. ಮೂಲೆಯಲ್ಲಿ ಕಾರಿಲ್ಲದ ಕಾರಿನ ಬಾಗಿಲು. ಗೋಡೆಯುದ್ದಕ್ಕೂ ಅರವತ್ತು ಜೊತೆ ಚಪ್ಪಲಿ, ಬೂಟು. ಹಕ್ಕಿ ಹಾರಬೇಕಾದರೆ ಮುರುಕಲು ಕೊಡೆ, ಎಲುಬು ಮುರಿಯಬೇಕಾದರೆ ಹಸಿ ಮೂಲಂಗಿ.

ಅಲ್ಲಿಯ ಒಡೆಯರು ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ, ಈ ಕೆಲಸದ ಮೇಷ್ಟ್ರು. ಅರವತ್ತೆರಡು ವರ್ಷ, ಪೊದೆಯಂಥ ಮೀಸೆ, ಹೊಟ್ಟೆ ಬೇರೆ. ಆದರೆ ಎತ್ತರದ ಹಿಮ್ಮಡಿಯ ಚಪ್ಪಲಿಗೆ ಕಾಲು ತೂರಿಸಿ ನಾಲ್ಕು ಹೆಜ್ಜೆ ಹಾಕಿದರೆಂದರೆ ಕಣ್ಣು ಮುಚ್ಚಿ ಕೂತವನು ಹೆಣ್ಣು ಕೇಳಲು ಹೊರಡಬೇಕು. ಗಾಜಿನ ಆಚೆ ಧ್ವನಿ ಮುದ್ರಿಸುವವನಿಗೆ ಮೀಟರ್ ಎಂದು ಹೆಸರು. ಅವನು ಚಿತ್ರವನ್ನೂ ನೋಡುವವನಲ್ಲ, ಮುಖವನ್ನೂ ನೋಡುವವನಲ್ಲ, ಸದ್ದಿನ ಏರಿಳಿತ ತೋರಿಸುವ ಮೀಟರಿನ ಮುಳ್ಳು ನೋಡುವವನು. ನಾನು ಬೆಂಕಿಪೊಟ್ಟಣ. ಹೆಸರಿಟ್ಟದ್ದು ಮೇಷ್ಟ್ರು. ಇದಕ್ಕೆ ಗೀರುವ ಅಗತ್ಯವೂ ಇಲ್ಲ, ಹತ್ತಿರ ಇಟ್ಟರೆ ಹತ್ತಿಕೊಳ್ಳುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಹತ್ತಿಕೊಂಡೇ ಬಿಟ್ಟಿತು. ಏಳನೇ ಟಿಕ್‌ಗೆ ನೇಲ್ ಕಟರನ್ನು ಜಲ್ಲಿಯ ಮೇಲೆ ಎಸೆದು ಎದ್ದೆ. ಗಾಜಿನ ಆಚೆ ಮೀಟರ್ ಪಕ್ಕದಲ್ಲಿ ನಿರ್ದೇಶಕಿ ಕೂತಿದ್ದಳು. ಮೂವತ್ತರ ಆಸುಪಾಸಿನವಳು, ಇದು ಅವಳ ಎರಡನೆಯ ಸಿನಿಮಾ, ಕೈಯಲ್ಲಿ ಯಾವಾಗಲೂ ಒಂದು ನೋಟ್‌ಬುಕ್ಕು. ನಾನು ಹೋಗಿ ನಿಂತು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಇದನ್ನು ನೋಡಿದ ಜನ ಅಯ್ಯೋ ಪಾಪ ಅನ್ನುತ್ತಾರೆ. ನಾಳೆ ಟೀ ಅಂಗಡಿಯ ಮುಂದೆ ನಿಲ್ಲುವ ಪೋಲಿಗಳು ಅವನ ಹಾಗೆ ಕೂದಲು ಬಾಚುತ್ತಾರೆ. ರಕ್ಕಸನಿಗೆ ಮುಖ ತೊಳೆಸಿ ಪೌಡರ್ ಹಚ್ಚಲು ನೀವು ಸಿನಿಮಾ ಮಾಡಬೇಕಿತ್ತಾ?

ಅವಳು ಸಿಟ್ಟಾಗಲಿಲ್ಲ, ಅದೇ ನನಗೆ ಸಿಟ್ಟು. ಕೊಂಬು ಇಟ್ಟು ತೋರಿಸಿದರೆ ನೋಡಿದವರು ಕೊಂಬು ಹುಡುಕುತ್ತಾ ಕೂರುತ್ತಾರೆ, ತಮ್ಮ ಪಕ್ಕದವನ ತಲೆಯಲ್ಲಿ ಕೊಂಬು ಕಾಣದಿದ್ದರೆ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ ಎಂದಳು. ಓದಿದವರ ಮಾತು, ಎಲ್ಲಿ ಹಿಡಿದರೂ ಜಾರುತ್ತದೆ. ನಾನು ಬಿಡಲಿಲ್ಲ.

"ಆ ತೊಂಬತ್ತೊಂದು ಜನಕ್ಕೂ ಮಕ್ಕಳಿದ್ರು ಮೇಡಂ. ಅವತ್ತಿಂದ ಅವರ ಉಗುರು ಯಾರು ಕತ್ತರಿಸಿದ್ರು? ಅದು ಎಲ್ಲಿದೆ ನಿಮ್ಮ ಸಿನಿಮಾದಲ್ಲಿ?"

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬರೆದುಕೊಂಡದ್ದನ್ನು ತಡೆದುಕೊಳ್ಳಲಾಗಲಿಲ್ಲ. ಮೇಷ್ಟ್ರು ನನ್ನ ಕತ್ತಿನ ಪಟ್ಟಿ ಹಿಡಿದು ಹೊರಗೆ ಕರೆದೊಯ್ದು ನೀರು ಕುಡಿಸಿದರು. ಕೆಲಸ ಬೇಡವಾ ಎಂದು ಕೇಳಿದರು. ಬೇಕು ಎಂದೆ. ಹಾಗಿದ್ದರೆ ಕಾಲಿಗೆ ಕೆಲಸ ಕೊಡು, ಬಾಯಿಗೆ ರಜೆ ಕೊಡು ಎಂದರು.

ಕಾಲಿಗೆ ಕೆಲಸ. ಆ ಮಾತೇ ನನ್ನ ತಲೆಯಲ್ಲಿ ಕಿಡಿ ಹಾರಿಸಿತು. ಅವಳು ಚಿತ್ರ ತೆಗೆದಾಗಿತ್ತು, ಬದಲಾಯಿಸುವಂತಿರಲಿಲ್ಲ. ಆದರೆ ಅವನು ನಡೆಯುವುದೆಲ್ಲ ನನ್ನ ಕಾಲಿನಿಂದ. ನೀನು ಏನು ಬೇಕಾದರೂ ತೋರಿಸಮ್ಮ, ನಾನು ಕೇಳಿಸುತ್ತೇನೆ. ಅವತ್ತು ಮನೆಗೆ ಹೋಗಿ ಅಮ್ಮನಿಗೆ ಮಾತು ಕೊಟ್ಟೆ: ಈ ಸಿನಿಮಾದಲ್ಲಿ ಲಾಳದ ಸದ್ದು ಕೇಳಿಸದಿದ್ದರೆ ನಾನು ಆ ಕೋಣೆಗೆ ಮತ್ತೆ ಕಾಲಿಡುವುದಿಲ್ಲ. ಅಮ್ಮ ಅದನ್ನು ಬೆಳಗಾಗುವುದರೊಳಗೆ ಬೀದಿಗೆಲ್ಲ ಹಂಚಿದಳು. ಗಿರಣಿಯಲ್ಲಿ ಸತ್ತವರ ಮನೆಗಳು ಆ ಬೀದಿಯಲ್ಲೇ ಒಂಬತ್ತಿದ್ದವು. ಒಬ್ಬೊಬ್ಬರೂ ನನ್ನನ್ನು ನಿಲ್ಲಿಸಿ ಬೆನ್ನು ತಟ್ಟಿದರು. ಸಿನಿಮಾ ನೋಡುವುದಕ್ಕಿಂತ ಅವರಿಗೆ ಅದನ್ನು ಕೇಳುವ ಆಸೆ.

ಎರಡು ದಿನ ಬಿಟ್ಟು ಮೇಷ್ಟ್ರು ಹಲ್ಲು ಕೀಳಿಸಲು ಹೋದರು. ಜನರಲ್ ಟೆಲಿಫೋನ್ ಎಕ್ಸ್‌ಚೇಂಜಿಗೆ ಬರುವ ದೃಶ್ಯದ ಹೆಜ್ಜೆಗಳನ್ನು ನೀನೇ ಹಾಕಿಡು ಎಂದು ಹೇಳಿ ಹೋಗಿದ್ದರು. ಮೊದಲ ಸಲ ಒಂದು ಇಡೀ ರೀಲು ನನ್ನ ಕೈಗೆ. ನಾನು ಒಂದು ಹಳೆಯ ಮಿಲಿಟರಿ ಬೂಟು ತೆಗೆದುಕೊಂಡು ಚಮ್ಮಾರನ ಹತ್ತಿರ ಓಡಿ, ಹಿಮ್ಮಡಿಗೆರಡು, ತುದಿಗೆರಡು ಕಬ್ಬಿಣದ ತುಂಡು ಹೊಡೆಸಿಕೊಂಡು ಬಂದೆ. ಯಾವ ಮೆರವಣಿಗೆಗೆ ಎಂದು ಅವನು ಕೇಳಿದ. ಸಿಮೆಂಟಿನ ಚೌಕದ ಮೇಲೆ ಮೊದಲ ಹೆಜ್ಜೆ ಇಟ್ಟೆ ನೋಡಿ, ಖಣ್! ಹೊದಿಕೆಯ ಗೋಡೆ ನುಂಗಿಕೊಳ್ಳಲಾರದ ಸದ್ದು. ಹದಿನಾಲ್ಕು ಹೆಜ್ಜೆ. ಬಾಗಿಲಿನಿಂದ ಆ ಟೆಲಿಫೋನ್ ಹುಡುಗಿಯ ಕುರ್ಚಿಯವರೆಗೆ. ಒಂದೊಂದು ಹೆಜ್ಜೆಗೂ ಒಬ್ಬೊಬ್ಬ ಸತ್ತವನನ್ನು ನೆನೆಸಿಕೊಂಡು ಇಟ್ಟೆ. ಕೊನೆಯದು ಅಜ್ಜನಿಗೆ. ಗಾಜಿನಾಚೆ ಮೀಟರ್ ಹೆಬ್ಬೆರಳು ಎತ್ತಿದ. ಮುಳ್ಳು ಚೆನ್ನಾಗಿ ಕುಣಿದಿತ್ತಂತೆ.

ಮರುದಿನ ಬೆಳಿಗ್ಗೆ ಎಲ್ಲರೂ ಕೂತು ನೋಡಿದರು. ನಾನು ಹಿಂದೆ ಗೋಡೆಗೊರಗಿ ನಿಂತಿದ್ದೆ. ಎಕ್ಸ್‌ಚೇಂಜಿನ ಉದ್ದನೆಯ ಕೋಣೆ. ಮುಂದೆ ಬೋರ್ಡಿನ ಎದುರು ಒಬ್ಬ ಹುಡುಗಿ, ಕಿವಿಗೆ ಹೆಡ್‌ಫೋನು. ಹಿಂದೆ ಬಾಗಿಲು ತೆರೆಯಿತು. ಖಣ್. ಖಣ್. ಖಣ್. ರೂಮು ನಡುಗಿತು. ಹುಡುಗಿ ವೈರು ಚುಚ್ಚಿದಳು, ತೆಗೆದಳು, ಬೆರಳಿಂದ ಕೂದಲು ಹಿಂದೆ ಸರಿಸಿದಳು. ಖಣ್. ಖಣ್. ಅವಳು ಆಕಳಿಸಿದಳು. ಖಣ್. ಲಾಳ ಅವಳ ಬೆನ್ನಿಗೇ ಬಂದು ನಿಂತಿತು. ಅವಳು ಪೆನ್ಸಿಲಿನ ತುದಿ ಕಚ್ಚುತ್ತಿದ್ದಳು. ಅವನು ಕುರ್ಚಿಯ ಬೆನ್ನಿಗೆ ಕೈ ಇಟ್ಟಮೇಲೆ ಅವಳ ಭುಜ ಧಿಗ್ಗನೆ ಮೇಲೆದ್ದಿತು.

ಮೊದಲು ನಕ್ಕವನು ಮೀಟರ್. ಜೀವನದಲ್ಲಿ ಮೊದಲ ಸಲ ಚಿತ್ರ ನೋಡಿದ್ದನೋ ಏನೋ. ಪಾಪ, ಆ ಹುಡುಗಿಯನ್ನು ಮೊದಲು ಕಿವಿ ಡಾಕ್ಟರ ಹತ್ತಿರ ಕಳಿಸಿ ಎಂದ. ಹಲ್ಲು ಕಿತ್ತ ದವಡೆ ಹಿಡಿದುಕೊಂಡು ಮೇಷ್ಟ್ರೂ ನಕ್ಕರು, ನೋವಿಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ನಕ್ಕರು.

ಹೆಜ್ಜೆ ಹಾಕುವವನು ಪರದೆಯಲ್ಲಿ ನಡೆಯುವವನ ಭುಜ ಮಾತ್ರ ನೋಡುತ್ತಾನೆ. ಭುಜ ಇಳಿದಾಗ ಕಾಲು ಊರುತ್ತದೆ, ಅದೇ ನಮ್ಮ ಲೆಕ್ಕ. ಎರಡು ಗಂಟೆ ನಾನು ಆ ದೃಶ್ಯ ನೋಡಿದ್ದೆ, ಹುಡುಗಿಯನ್ನು ನೋಡಿರಲೇ ಇಲ್ಲ.

ಅವಳ ಕಿವಿಗೆ ಹೆಡ್‌ಫೋನ್ ಇದೆಯಲ್ಲ ಎಂದು ವಾದಿಸಿದೆ. ಒಂದೇ ಕಿವಿಗೆ ಎಂದು ನಿರ್ದೇಶಕಿ ತೋರಿಸಿದಳು. ಹಾಗಿದ್ದರೆ ನಿಮ್ಮ ಚಿತ್ರವೇ ತಪ್ಪು, ಆ ಹುಡುಗಿಗೆ ನಟಿಸಲು ಬರುವುದಿಲ್ಲ, ಲಾಳದ ಸದ್ದಿಗೆ ಅವನು ಬಾಗಿಲಲ್ಲಿರುವಾಗಲೇ ಅವಳು ಬೆಚ್ಚಬೇಕಿತ್ತು ಎಂದೆ. ಆಗ ನಿರ್ದೇಶಕಿ ಒಂದು ವಿಷಯ ಹೇಳಿದಳು. ಈ ದೃಶ್ಯ ತೆಗೆದ ದಿನ ನಟನ ಹಿಮ್ಮಡಿಗೆ ಬೂಟು ಕಚ್ಚಿ ಗುಳ್ಳೆ ಎದ್ದಿತ್ತಂತೆ. ಹೇಗೂ ಸೊಂಟದ ಮೇಲೆ ಮಾತ್ರ ಕಾಣುತ್ತದೆಂದು ಬರೀ ಕಾಲುಚೀಲದಲ್ಲಿ ನಡೆದು ಬಂದನಂತೆ. ಹುಡುಗಿಗೆ ನಿಜವಾಗಿ ಗೊತ್ತೇ ಆಗಲಿಲ್ಲವಂತೆ. ಬೂಟು ಹಾಕಿಸಿ ಅದನ್ನೇ ಮತ್ತೆ ಮೂರು ಸಲ ಚಿತ್ರಿಸಿದರೂ ಕೊನೆಗೆ ತಾನು ಇಟ್ಟುಕೊಂಡದ್ದು ಇದನ್ನೇ, ಯಾಕೆಂದರೆ ನೋಡುವಾಗ ತನಗೆ ಹೆದರಿಕೆಯಾದದ್ದು ಇದೊಂದರಲ್ಲೇ ಎಂದಳು.

"ನಿಮಗೆ ಹೆದರಿಕೆ ಆಗೋದು ಬಿಡಿ," ಎಂದೆ. "ಗಿರಣಿಯಲ್ಲಿ ಗುಂಡು ಹಾರಿದ ದಿನ ಆ ಎಕ್ಸ್‌ಚೇಂಜಲ್ಲಿ ಇದ್ದವರು ಇನ್ನೂ ಬದುಕಿದ್ದಾರೆ. ನಮ್ಮ ದೊಡ್ಡಮ್ಮ. ಅಲ್ಲೇ ಆಪರೇಟರ್ ಆಗಿದ್ದಳು. ತನ್ನ ಕಿವಿಯಿಂದ ಲಾಳ ಕೇಳಿದಾಳೆ."

ನಿರ್ದೇಶಕಿ ನೋಟ್‌ಬುಕ್ಕು ಮುಚ್ಚಿದಳು. ನಾಳಿದ್ದು ಸದ್ದುಗಳನ್ನೆಲ್ಲ ಸೇರಿಸಿ ಕೊನೆಯ ಮುದ್ರಣ, ಅದರೊಳಗೆ ಅವರನ್ನು ಕರೆದುಕೊಂಡು ಬನ್ನಿ, ಅವರು ಲಾಳ ಅಂದರೆ ಲಾಳ, ಆ ಹುಡುಗಿ ಕಾಣುವ ಫಿಲ್ಮಿನ ತುಂಡನ್ನು ನಾನೇ ಕತ್ತರಿಸಿ ಎಸೆಯುತ್ತೇನೆ ಎಂದಳು. ನಾನು ಗೆದ್ದೆನೆಂದು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹೋದೆ.

ದೊಡ್ಡಮ್ಮನ ಮನೆ ನಮ್ಮ ಮನೆಯ ಮೇಲಿನ ಮಹಡಿಯ ಎರಡು ಕೋಣೆ. ಅರವತ್ತನಾಲ್ಕು ವರ್ಷ. ಮದುವೆ ಮಾಡಿಕೊಳ್ಳಲಿಲ್ಲ. ಎಕ್ಸ್‌ಚೇಂಜಿನಲ್ಲೇ ನಿವೃತ್ತಿಯಾದವಳು. ಅವಳ ದನಿ ಇನ್ನೂ ಹಾಗೇ ಇತ್ತು, ಜೇನು ಸವರಿದ ಹಾಗೆ. ತರಕಾರಿಯವನು ಅವಳ ಜೊತೆ ಚೌಕಾಸಿ ಮಾಡಲಾರದೆ ಸೋತು ಕೊಡುತ್ತಿದ್ದ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು. ನನಗ್ಯಾಕೋ ಅದೆಲ್ಲ, ಹಳೇದು ಎಂದಳು. ಅಮ್ಮ ಕೆಳಗಿನಿಂದಲೇ ಏರು ದನಿಯಲ್ಲಿ, ಹೋಗೇ ಅಕ್ಕ, ಅಪ್ಪನಿಗೋಸ್ಕರ ಅಷ್ಟೂ ಮಾಡಕ್ಕಾಗಲ್ವಾ ಎಂದಳು. ಅಪ್ಪ ಸತ್ತಾಗ ಅಮ್ಮನಿಗೆ ಎಂಟು ವರ್ಷ. ಅವಳನ್ನು ಸಾಕಿದ್ದೂ, ಓದಿಸಿದ್ದೂ ಈ ಅಕ್ಕನೇ. ತಾನೂ ಬರುತ್ತೇನೆಂದು ಅಮ್ಮ ಚಪ್ಪಲಿ ಮೆಟ್ಟಿ ನಿಂತಳು. ದೊಡ್ಡಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ನೀನು ಬರೋದಾದ್ರೆ ನಾನು ಬರಲ್ಲ ಎಂದಳು. ಅಷ್ಟು ಗಡುಸಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಜನರ ಮುಂದೆ ಅಳಬೇಕಾಗಬಹುದೆಂದು ನಾಚಿಕೆ ಇರಬೇಕು ಎಂದುಕೊಂಡೆ.

ಎಫೆಕ್ಟ್ಸ್ ರೂಮಿನಲ್ಲಿ ಮೇಷ್ಟ್ರು ಅವಳಿಗೆ ಒಳ್ಳೆಯ ಕುರ್ಚಿ ಹಾಕಿಸಿದರು. ಅವಳು ಜಲ್ಲಿಯ ಚೌಕವನ್ನೂ ಕಾರಿನ ಬಾಗಿಲನ್ನೂ ನೋಡಿ, ಗುಜರಿ ಅಂಗಡೀಲಿ ಕೆಲಸ ಅಂತ ಮೊದ್ಲೇ ಹೇಳಿದ್ರೆ ನಾನು ಬರ್ತಿರ್ಲಿಲ್ಲ ಬಿಡು ಎಂದು ನನ್ನನ್ನು ಚುಚ್ಚಿದಳು. ಎಲ್ಲರೂ ನಕ್ಕರು. ನನಗೆ ಧೈರ್ಯ ಬಂತು. ಮೀಟರ್ ದೀಪ ಆರಿಸಿದ. ಬಾಗಿಲು ತೆರೆಯಿತು. ಖಣ್.

ಹದಿನಾಲ್ಕು ಹೆಜ್ಜೆಯೂ ಮುಗಿಯಿತು. ನಾನು ಪರದೆ ನೋಡಲಿಲ್ಲ, ದೊಡ್ಡಮ್ಮನ ಮುಖ ನೋಡುತ್ತಿದ್ದೆ. ಅದರಲ್ಲಿ ಏನೂ ಆಗಲಿಲ್ಲ.

"ಸದ್ದು ತೆಗೆದು ಒಂದು ಸಲ ತೋರಿಸ್ತೀರಾ?" ಎಂದು ಅವಳು ಮೀಟರನ್ನು ಕೇಳಿದಳು.

ಸದ್ದಿಲ್ಲದೆ ಮತ್ತೆ ಅದೇ. ಹುಡುಗಿ ವೈರು ಚುಚ್ಚಿದಳು, ಆಕಳಿಸಿದಳು, ಪೆನ್ಸಿಲ್ ಕಚ್ಚಿದಳು. ಹಿಂದೆ ಅವನು ಬರುತ್ತಲೇ ಇದ್ದ, ಅವಳಿಗೆ ಗೊತ್ತಿರಲಿಲ್ಲ. ಕುರ್ಚಿಯ ಮೇಲೆ ಕೈ ಬಿದ್ದಾಗ ನನ್ನ ದೊಡ್ಡಮ್ಮನ ಭುಜವೂ ಪರದೆಯ ಭುಜದ ಜೊತೆಗೇ ಮೇಲೆದ್ದಿತು. ನಾನು ಕಣ್ಣಾರೆ ನೋಡಿದೆ.

"ಆ ಮಗು ಕಿವುಡಿ ಅಲ್ಲ," ಎಂದಳು. "ಸದ್ದು ಇರ್ಲಿಲ್ಲ."

ಆಮೇಲೆ ಅವಳು ನನಗಲ್ಲ, ಪರದೆಗೆ ಹೇಳಿದಳು. ಹತ್ತೊಂಬತ್ತು ವರ್ಷವಂತೆ ಅವಳಿಗೆ ಆಗ. ಮಧ್ಯಾಹ್ನ ಎರಡೂಕಾಲು, ಆರನೆಯ ಬೋರ್ಡು. ಜನರಲ್ ಬಂಗಲೆಯ ಫೋನು ಕೆಟ್ಟಿತ್ತಂತೆ, ಅದಕ್ಕೇ ಪಕ್ಕದ ಎಕ್ಸ್‌ಚೇಂಜಿಗೆ ಒಬ್ಬನೇ ನಡೆದು ಬಂದಿದ್ದ. ಮನೆಯಲ್ಲಿ ಹಾಕುವ ಕ್ಯಾನ್ವಾಸ್ ಶೂ, ಕೆಳಗೆ ರಬ್ಬರು. ಒಂದು ಚೂರೂ ಸದ್ದಿಲ್ಲ. ಕುರ್ಚಿಯ ಮೇಲೆ ಕೈ ಬಿದ್ದಾಗಲೇ ಗೊತ್ತಾದದ್ದು. ಬೆಚ್ಚಿಸಿಬಿಟ್ಟೆನಾ, ತಪ್ಪಾಯಿತು ಎಂದು ಅವನೇ ಮೊದಲು ಅಂದನಂತೆ.

"ಆಮೇಲೆ ಊಟ ಆಯ್ತಾಮ್ಮ ಅಂತ ಕೇಳ್ದ. ನಾನು ನಕ್ಕೆ. ಆಯ್ತು ಸಾರ್ ಅಂದೆ. ನಗ್ತಾನೇ ಪಿನ್ನು ಚುಚ್ಚಿ ಬ್ಯಾರಕ್ಕಿಗೆ ಲೈನ್ ಕೊಟ್ಟೆ."

ಲೈನು ಸರಿಯಾಗಿದೆಯೇ ಎಂದು ಆಪರೇಟರ್ ಒಂದು ಕ್ಷಣ ಕೇಳಬೇಕಂತೆ. ಅದು ನಿಯಮ. ಅವಳು ಕೇಳಿದಳು. ಗಿರಣಿ ಗೇಟು ಹಾಕಿ, ಒಬ್ಬರನ್ನೂ ಬಿಡಬೇಡಿ. ಇಷ್ಟೇ ಮಾತು. ತನ್ನಪ್ಪ ಆ ಪಾಳಿಯಲ್ಲಿ ಬಾಯ್ಲರ್ ಹತ್ತಿರ ಇದ್ದಾನೆಂದು ಅವಳಿಗೆ ಗೊತ್ತಿತ್ತು. ಬ್ಯಾರಕ್ಕಿನವರಿಗೆ ಸರಿಯಾಗಿ ಕೇಳಿಸದೆ ಇನ್ನೊಂದು ಸಲ ಹೇಳಿ ಎಂದರಂತೆ. ಅವನು ಇನ್ನೊಂದು ಸಲ ಹೇಳಿದ. ಎಳೆದರೆ ಮಾತು ಕಡಿದುಹೋಗುವ ಆ ವೈರು ಅಷ್ಟು ಹೊತ್ತೂ ಅವಳ ಮೊಣಕೈ ಪಕ್ಕದಲ್ಲೇ ಇತ್ತು.

ಎಳೆದಿದ್ದರೆ ನಿಮ್ಮನ್ನೂ ಕೊಲ್ಲುತ್ತಿದ್ದ ಎಂದರು ಮೇಷ್ಟ್ರು, ಬಹಳ ಮೆತ್ತಗೆ.

"ಹೆದರಿ ಎಳೀದೆ ಇದ್ದಿದ್ರೆ ಬೇರೆ ಮಾತು ಸ್ವಾಮಿ," ಎಂದಳು. "ನಾನು ಹೆದರಿರ್ಲೇ ಇಲ್ಲ. ಒಳ್ಳೆ ಮನುಷ್ಯ ಅನ್ನಿಸಿತ್ತು."

ಅವತ್ತು ಸಂಜೆ ಹೆಣಗಳು ಬೀದಿಗೆ ಬಂದವು. ಅವಳ ಅಮ್ಮ ಅವಳನ್ನು ಹಿಡಿದು ಅಲ್ಲಾಡಿಸಿ, ನೀನು ಅಲ್ಲೇ ಇದ್ದೆಯಲ್ಲೇ, ಏನೂ ಗೊತ್ತಾಗಲಿಲ್ಲವಾ ಎಂದು ಕೇಳಿದಳು. ಆಗ ಇವಳ ಬಾಯಿಂದ ಬಂದದ್ದು ಲಾಳ. ಬೂಟಿಗೆ ಕಬ್ಬಿಣ ಹೊಡೆದಿತ್ತಮ್ಮ, ಆ ಸದ್ದಿಗೆ ಕೈ ಹೆಪ್ಪುಗಟ್ಟಿಹೋಯಿತು. ಮರುದಿನ ಪಕ್ಕದ ಮನೆಯವಳಿಗೂ ಕೇಳಿಸಿತ್ತಂತೆ. ವಾರದೊಳಗೆ ಮೂರು ಬೀದಿ ಆಚೆಯವರಿಗೂ. ಯಾರ್ಯಾರು ಅವನಿಗೆ ಬಾಗಿಲು ತೆರೆದಿದ್ದರೋ, ಕುರ್ಚಿ ಹಾಕಿದ್ದರೋ, ದಾರಿ ತೋರಿಸಿದ್ದರೋ, ಎಲ್ಲರಿಗೂ ಲಾಳ ಕೇಳಿಸಿತು. ಲಾಳದೊರೆ ಎಂಬ ಹೆಸರು ನನ್ನ ದೊಡ್ಡಮ್ಮನ ಬಾಯಲ್ಲಿ ಹುಟ್ಟಿದ್ದು.

ನನಗೆ ಏನಾಯಿತೋ ತಿಳಿಯದು. ಆ ಬೂಟುಗಳನ್ನು ಎತ್ತಿ ಕಾರಿನ ಬಾಗಿಲಿಗೆ ಬೀಸಿ ಹೊಡೆದೆ. ಎರಡನ್ನೂ. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸುತ್ತಾ ಹೇಳಿದ್ದೆಲ್ಲ ಸುಳ್ಳಾ ಎಂದು ಕೇಳಿದೆ. ಸುಳ್ಳು ಎಂದಳು. ಅಮ್ಮನಿಗೆ ಗೊತ್ತಾ ಎಂದೆ. ಇಲ್ಲ ಎಂದಳು. ಇನ್ನೂ ಕೆಲವು ಮಾತಾಡಿದೆ. ಅವಳು ಒಂದಕ್ಕೂ ತಲೆ ತಗ್ಗಿಸಲಿಲ್ಲ, ಒಂದಕ್ಕೂ ಅಳಲಿಲ್ಲ. ಮೇಷ್ಟ್ರು ನನ್ನ ರಟ್ಟೆ ಹಿಡಿಯಲು ಬಂದರು, ಕೊಡವಿಕೊಂಡೆ.

ಆಗ ನಿರ್ದೇಶಕಿ ಎದ್ದು ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಲಾಳ ಇರಲಿ ಎಂದು ನನಗೆ ಹೇಳಿದಳು. ಹುಡುಗಿಯ ತುಂಡನ್ನು ತೆಗೆದುಬಿಡುತ್ತೇನೆ, ನಿಮ್ಮ ಮನೆಯವರು, ನಿಮ್ಮ ಬೀದಿಯವರು ಇಷ್ಟು ವರ್ಷ ಹಿಡಿದುಕೊಂಡು ಬಂದದ್ದನ್ನು ನನ್ನ ಸಿನಿಮಾ ಕಿತ್ತುಕೊಳ್ಳುವುದು ಬೇಡ. ನೀವೇ ಹೇಳಿ, ನೀವು ಹೇಳಿದ ಹಾಗೆ.

ಮೂರು ದಿನದಿಂದ ಕಾದು ಕೂತಿದ್ದ ಮಾತು. ಹೂಂ ಅಂದರೆ ಮುಗಿಯಿತು. ಅಮ್ಮನಿಗೆ ಕೊಟ್ಟ ಮಾತು ಉಳಿಯಿತು, ಒಂಬತ್ತು ಮನೆಯವರು ಸಿನಿಮಾ ಮಂದಿರದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಳು. ಹೂಂ ಅನ್ನು ಎಂದೂ ಆ ಕಣ್ಣು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಅದು ಹತ್ತು ಪಟ್ಟಾಯಿತು. ರಕ್ಕಸ ಕೊಂದರೆ ರಕ್ಕಸನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಿಕೊಳ್ಳಬಹುದು? ಅವನು ಇರುವುದೇ ಹಾಗೆ. ಇವನು ಹಾಗಿರಬೇಕಾಗಿರಲಿಲ್ಲ. ಊಟ ಆಯಿತಾ ಎಂದು ಕೇಳಲು ಗೊತ್ತಿದ್ದವನು. ಮಗಳ ಬೆರಳಿಗೆ ನೋವಾಗದ ಹಾಗೆ ಉಗುರು ಕತ್ತರಿಸಲು ಗೊತ್ತಿದ್ದವನು. ಎಲ್ಲ ಗೊತ್ತಿದ್ದೂ ಮೆತ್ತಗಿನ ಶೂ ಹಾಕಿಕೊಂಡು ನಡೆದು ಬಂದು, ಹತ್ತೊಂಬತ್ತು ವರ್ಷದ ನನ್ನ ದೊಡ್ಡಮ್ಮನ ಕೈಯಿಂದಲೇ ಅವಳ ಅಪ್ಪನಿಗೆ ಗೇಟು ಹಾಕಿಸಿದ. ಅಂಥವನಿಗೆ ನಾನು ಕಬ್ಬಿಣದ ಲಾಳ ಹೊಡೆದು, ಹುಷಾರ್ ಬರುತ್ತಿದ್ದೇನೆ ಎಂದು ಮೂರು ಬೀದಿಗೆ ಸಾರುವ ಮರ್ಯಾದೆ ಕೊಡಬೇಕೆ?

ಲಾಳ ಬೇಡ ಎಂದೆ. ಮೇಷ್ಟ್ರೇ, ಮೆತ್ತನೆಯ ಶೂ ಯಾವುದಿದೆ ಕೊಡಿ.

ಅರವತ್ತು ಜೊತೆ ಹುಡುಕಿದೆವು. ಮೊದಲ ಜೊತೆ ಕಿರುಗುಟ್ಟಿತು, ಎರಡನೆಯದು ಪಚಪಚ ಎಂದಿತು. ಕೊನೆಗೆ ಮೇಷ್ಟ್ರು ಒಂದು ಹಳೆಯ ಕ್ಯಾನ್ವಾಸ್ ಶೂ ತೆಗೆದು, ಅದರ ಅಡಿಗೆ ಹತ್ತಿಬಟ್ಟೆ ಅಂಟಿಸಿಕೊಟ್ಟರು. ಮೀಟರ್ ಬೇರೆ ರಾಗ ತೆಗೆದ: ಮುಳ್ಳೇ ಏಳುತ್ತಿಲ್ಲ, ಹೀಗಾದರೆ ಮನುಷ್ಯ ಇದ್ದಾನೆ ಅಂತಲೇ ಗೊತ್ತಾಗುವುದಿಲ್ಲ. ಪೂರ್ತಿ ಮೌನ ಆದರೂ ತಪ್ಪು, ಜನ ಟೇಪು ಕೆಟ್ಟಿತೆಂದುಕೊಳ್ಳುತ್ತಾರೆ. ಕಾಲನ್ನು ಮರೆತುಬಿಡು ಎಂದರು ಮೇಷ್ಟ್ರು. ತೊಡೆಗೆ ತೊಡೆ ತಾಗಿ ಪ್ಯಾಂಟಿನ ಬಟ್ಟೆ ಉಜ್ಜುವುದು ಕೇಳಲಿ, ಅಷ್ಟೇ. ದವಡೆ ನೋವು ಮರೆತು ಕೂಗಾಡುತ್ತಿದ್ದರು. ನಿರ್ದೇಶಕಿ ಚಪ್ಪಲಿ ಬಿಟ್ಟು ನೆಲದ ಮೇಲೇ ಕೂತಿದ್ದಳು. ಯಾರಿಗೂ ಊಟದ ನೆನಪಿರಲಿಲ್ಲ.

ಸರಿಯಾಯಿತೇ ಎಂದು ಹೇಳಬಲ್ಲವಳು ಒಬ್ಬಳೇ. ದೊಡ್ಡಮ್ಮ ತಾನಾಗಿ ಎದ್ದು ಕುರ್ಚಿಯನ್ನು ಸಿಮೆಂಟಿನ ಚೌಕದ ತುದಿಗೆ ಎಳೆದುಕೊಂಡಳು. ನಮಗೆ ಬೆನ್ನು ಮಾಡಿ ಕೂತಳು. ನೋಡಿದರೆ ಗೊತ್ತಾಗಲ್ಲ, ನೀನು ಬಾ, ಕೇಳಿಸಿದ ಕೂಡಲೇ ಕೈ ಎತ್ತುತ್ತೇನೆ ಎಂದಳು.

ಮೊದಲ ಸಲ ಎರಡನೆಯ ಹೆಜ್ಜೆಗೇ ಕೈ ಎತ್ತಿದಳು. ಎರಡನೆಯ ಸಲ ಐದಕ್ಕೆ. ಆನೆ ಬರ್ತಿದೆ, ಇನ್ನೂ ಮೆಲ್ಲಗೆ ಎಂದಳು. ಏಳು. ಉಸಿರು ಕೇಳ್ತಿದೆ ಕಣೋ. ಉಸಿರು ಬಿಗಿಹಿಡಿದೆ. ಹತ್ತು. ಬೂಟಿನಲ್ಲಿ ನಡೆಯಲು ಕೋಪ ಸಾಕಾಗಿತ್ತು, ಇದಕ್ಕೆ ಸಾಲದು. ಮಲಗಿರುವ ಮಗುವನ್ನು ಎಬ್ಬಿಸಬಾರದು ಎನ್ನುವವನ ಹಾಗೆ ನಡೆಯಬೇಕಿತ್ತು. ಪ್ರೀತಿ ಇರುವವನ ಹಾಗೆ. ಆರನೆಯ ಸಲ ನಾನು ಹಾಗೇ ನಡೆದೆ. ಹನ್ನೊಂದು. ಹನ್ನೆರಡು. ಅವಳ ಕೈ ಮಡಿಲಲ್ಲೇ ಇತ್ತು. ಹದಿಮೂರು. ಹದಿನಾಲ್ಕು. ಅವಳ ತಲೆಯ ಬೈತಲೆ, ಕತ್ತಿನ ಹತ್ತಿರ ಪಿನ್ನಿನಿಂದ ಜಾರಿದ ನಾಲ್ಕು ಬಿಳಿ ಕೂದಲು, ಇಷ್ಟು ಹತ್ತಿರ. ಅವಳಿಗೆ ಗೊತ್ತಿಲ್ಲ. ಗಾಜಿನ ಆಚೆ ಮೀಟರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಿಂತಿದ್ದ. ಚಿತ್ರದಲ್ಲಿ ಹೆಜ್ಜೆ ಮುಗಿದ ಮೇಲೆ ಇನ್ನೊಂದು ಸದ್ದು ಬಾಕಿಯಿತ್ತು. ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟೆ.

ಅವಳು ಬೆಚ್ಚಿದಳು. ತಿರುಗಲಿಲ್ಲ. ಬೆನ್ನು ನೆಟ್ಟಗಾಯಿತು, ಬಲಗೈ ಎದುರಿನ ಗಾಳಿಗೆ ಎದ್ದಿತು, ಆ ಜೇನು ಸವರಿದ ದನಿ ಹೊರಗೆ ಬಂತು.

"ಹೇಳಿ ಸಾರ್, ಯಾವ ನಂಬರು?"

"ದೊಡ್ಡಮ್ಮ," ಎಂದೆ. "ನಾನು. ನಂಬರು ಗಿಂಬರು ಏನೂ ಇಲ್ಲ."

ಅವಳು ತಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನನ್ನ ಶೂ ನೋಡಿದಳು. ಸ್ಪೀಕರಿನಲ್ಲಿ ಮೀಟರ್ ದನಿ ಬಂತು, ಚಿನ್ನದಂಥ ಟೇಕು, ಇಬ್ಬರೂ ಮಾತಾಡಿ ಹಾಳು ಮಾಡಿದಿರಿ ಎಂದು. ನಾನು ಸಾಕು, ಮನೆಗೆ ಹೋಗೋಣ ಎಂದು ಅವಳ ತೋಳು ಹಿಡಿದೆ. ಅವಳು ನನ್ನ ಕೈ ಬಿಡಿಸಿದಳು, ಜಾರಿದ್ದ ಕೂದಲನ್ನು ಪಿನ್ನಿಗೆ ಸೇರಿಸಿದಳು, ಕುರ್ಚಿ ಸರಿಮಾಡಿಕೊಂಡು ಮತ್ತೆ ಬೆನ್ನು ಮಾಡಿ ಕೂತಳು.

"ಬಾಗಿಲ ಹತ್ರ ಹೋಗು. ಇನ್ನೊಂದು ಸಲ ಬಾ," ಎಂದಳು. "ಈ ಸಲ ನಾನು ಮಾತಾಡಲ್ಲ."